ಮೀಸೆ ಮಣ್ಣಾಗದ ಗುಡ್ಡ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಮಾಡಿದವನು ಖಂಡಿತ ಹಿಮ ನೋಡಿದವನಲ್ಲ. ನೋಡಿದ್ದರೆ ಅದರಲ್ಲಿ ಅಷ್ಟು ಕುಹಕ ತುಂಬುತ್ತಿರಲಿಲ್ಲ. ಹಿಮದ ಗುಡ್ಡದಲ್ಲಿ ಎಷ್ಟು ಸಲ ಬಿದ್ದರೂ, ಹೇಗೇ ಬಿದ್ದರೂ, ಮೀಸೆ ಮಣ್ಣಾಗುವುದೇ ಇಲ್ಲ. ಬೆಳ್ಳಗಾಗುತ್ತದೆ ಅಷ್ಟೇ. ನನ್ನದು ಮೊದಲೇ ಅರ್ಧ ಬೆಳ್ಳಗಾಗಿತ್ತು, ಹಾಗಾಗಿ ದೊಡ್ಡ ನಷ್ಟವೇನೂ ಆಗಲಿಲ್ಲ.

ಈ ಜ್ಞಾನೋದಯ ಆಗಿದ್ದು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ. ದಾವೋಸ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಜನವರಿ ತಿಂಗಳ ಪೇಪರು. ಮಂತ್ರಿಗಳು ಕರೀ ಕೋಟು ತೊಟ್ಟು ಯಾರದೋ ಕೈ ಕುಲುಕುತ್ತಿರುವ ಫೋಟೋ, ಕೆಳಗೆ ಇಷ್ಟು ಸಾವಿರ ಕೋಟಿ ಬಂಡವಾಳ ಅನ್ನುವ ಸುದ್ದಿ. ಆ ದೊಡ್ಡವರ ಸಭೆ 1971ರಲ್ಲಿ ಶುರುವಾಗಿದ್ದು. ನಾವು ಹೋದದ್ದು ಆ ಗಲಾಟೆಯೆಲ್ಲ ಮುಗಿದ ಮೇಲೆ, ಫೆಬ್ರವರಿ ಕೊನೆಗೆ. ನಾವು ಅಂದರೆ ನಾನು, ನನ್ನ ಹೆಂಡತಿ, ಮತ್ತು ಜ್ಯೂರಿಕ್‌ನಲ್ಲಿ ಕೆಲಸಕ್ಕಿರುವ ಮಗಳು. ಬಂಡವಾಳ ತರುವ ಮಾತು ಹಾಗಿರಲಿ, ಕೈಯಲ್ಲಿದ್ದದ್ದನ್ನೂ ಅಲ್ಲೇ ಬಿಟ್ಟು ಬರುವ ಪೈಕಿ ನಾವು.

ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್‌ವರೆಗೆ ದೊಡ್ಡ ರೈಲು. ಅಲ್ಲಿ ಇಳಿದು ಕೆಂಪು ಬಣ್ಣದ ಮೀಟರ್ ಗೇಜ್ ರೈಲು ಹತ್ತಬೇಕು. ಮೀಟರ್ ಗೇಜ್ ರೈಲು ನೋಡಿ ನನಗೆ ಹಳೇ ನೆಂಟರು ಸಿಕ್ಕಷ್ಟು ಸಂತೋಷವಾಯಿತು. 1890ರಿಂದ ಈ ಹಳಿ ದಾವೋಸ್‌ಗೆ ಜನರನ್ನು ಹೊತ್ತು ತರುತ್ತಿದೆ. ಮೊದಮೊದಲು ಇಲ್ಲಿಗೆ ಬರುತ್ತಿದ್ದವರಲ್ಲಿ ಆಡುವವರಿಗಿಂತ ಕೆಮ್ಮುವವರೇ ಜಾಸ್ತಿ. ಜರ್ಮನಿಯಿಂದ ತಲೆ ತಪ್ಪಿಸಿಕೊಂಡು ಬಂದಿದ್ದ ಅಲೆಕ್ಸಾಂಡರ್ ಸ್ಪೆಂಗ್ಲರ್ ಅನ್ನುವ ಡಾಕ್ಟರು 1853ರಲ್ಲಿ ಇಲ್ಲಿ ಊರ ವೈದ್ಯನಾಗಿ ಸೇರಿಕೊಂಡ. ಈ ಎತ್ತರದ ಕಣಿವೆಯವರಿಗೆ ಕ್ಷಯ ಬರುವುದು ಕಾಣೆನಲ್ಲ ಎಂದು ಅವನಿಗೆ ಹೊಳೆಯಿತು. ಅಷ್ಟು ಸಾಕಾಯಿತು. ಯುರೋಪಿನ ಕಾಸಿದ್ದ ಕ್ಷಯರೋಗಿಗಳೆಲ್ಲ 1,560 ಮೀಟರ್ ಎತ್ತರದ ಈ ಊರಿಗೆ ಗಾಳಿ ಕುಡಿಯಲು ಬಂದರು. ಅವರಿಗೆ ಬೇಸರ ಕಳೆಯಲು ಒಂದಷ್ಟು ಆಟ ಬೇಕಾಯಿತು. ರೋಗ ಹೋಯಿತು, ಆಟ ಉಳಿಯಿತು.

ಊರಿನಲ್ಲಿ ಕಣ್ಣಿಗೆ ಬಿದ್ದ ಮೊದಲ ವಿಚಿತ್ರ ಏನೆಂದರೆ ಮನೆಗಳ ಮಾಡು. ಆಲ್ಪ್ಸ್ ಅಂದರೆ ಇಳಿಜಾರು ಮಾಡಿನ ಮರದ ಮನೆ ಅಂತ ಕ್ಯಾಲೆಂಡರ್‌ಗಳು ನನಗೆ ಕಲಿಸಿದ್ದವು. ಇಲ್ಲಿ ಎಷ್ಟೋ ಕಟ್ಟಡಗಳಿಗೆ ಚಪ್ಪಟೆ ತಾರಸಿ. ಹಿಮ ಮೇಲೆಯೇ ಕೂತಿರುತ್ತದೆ, ದಾರಿಹೋಕರ ತಲೆ ಮೇಲೆ ದಬಕ್ಕನೆ ಜಾರುವುದಿಲ್ಲ. ಜಾರುವ ಕೆಲಸವನ್ನು ಮನುಷ್ಯರಿಗೆ ಬಿಟ್ಟಿದ್ದಾರೆ.

"ಅಪ್ಪಾ, ಸ್ಕೀ ಮಾಡೋಣ," ಅಂದಳು ಮಗಳು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಅದು.

"ಈ ವಯಸ್ಸಲ್ಲಾ?"

"ಇಲ್ಲಿ ನಾಲ್ಕು ವರ್ಷದ ಮಕ್ಕಳೂ ಮಾಡ್ತಾರೆ."

ನಾಲ್ಕು ವರ್ಷದ ಮಗುವಿಗೆ ಬೀಳುವುದಕ್ಕೆ ಇರುವ ಎತ್ತರ ಮೂರಡಿ. ನನಗೆ ಐದೂಮುಕ್ಕಾಲು. ಈ ಲೆಕ್ಕ ಅವಳ ತಲೆಗೆ ಹೋಗಲಿಲ್ಲ.

ದಾವೋಸ್ ಸುತ್ತ ದೊಡ್ಡ ದೊಡ್ಡ ಸ್ಕೀ ಗುಡ್ಡಗಳಿವೆ. ಒಂದು ಪಾರ್ಸೆನ್. ಅದರ ತುದಿ 2,844 ಮೀಟರು. ಅಲ್ಲಿಂದ ಕ್ಯುಬ್ಲಿಸ್ ಅನ್ನುವ ಊರಿನವರೆಗೆ 12 ಕಿಲೋಮೀಟರ್ ಜಾರಿಕೊಂಡೇ ಹೋಗಬಹುದು. ಇನ್ನೊಂದು ಯಾಕೋಬ್ಸ್‌ಹಾರ್ನ್. ಇವುಗಳ ನಕ್ಷೆ ನೋಡಿದರೆ ಯಾರೋ ನೂಲಿನ ಉಂಡೆಯನ್ನು ಬೆಕ್ಕಿಗೆ ಕೊಟ್ಟ ಹಾಗಿದೆ. ನೀಲಿ ದಾರಿ ಸಲೀಸು, ಕೆಂಪು ಕಷ್ಟ, ಕಪ್ಪು ಮನೆಯವರಿಗೆ ಹೇಳಿ ಹೋಗುವಂಥದ್ದು. ಈ ದೊಡ್ಡವರ ನಡುವೆ ಕೂಸಿನ ಹಾಗೆ ಒಂದು ಪುಟ್ಟ ಗುಡ್ಡ ಇದೆ. ಹೆಸರು ಶಾಟ್ಸಾಲ್ಪ್. ಅದಕ್ಕೆ ಅವರೇ ಇಟ್ಟುಕೊಂಡ ಬಿರುದು 'ನಿಧಾನದ ಗುಡ್ಡ'. ಜೋರಾಗಿ ಹೋಗಬೇಕೆನ್ನುವವರು ಬೇರೆ ಕಡೆ ಹೋಗಬಹುದು ಅಂತ ಅರ್ಥ. ನನಗೆ ಹೇಳಿ ಮಾಡಿಸಿದ ಜಾಗ ಅನ್ನಿಸಿತು. ಆದರೆ ಅದಕ್ಕೆ ಮೊದಲು ಕೆಳಗೆ ಒಂದು ದಿನ ಅಕ್ಷರಾಭ್ಯಾಸ ಆಗಬೇಕಿತ್ತು.

ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯ ಹುಡುಗ ಒಂದು ಫಾರಂ ಹಿಡಿದು ವಯಸ್ಸು, ಎತ್ತರ, ತೂಕ ಕೇಳಿದ. ವಯಸ್ಸು ಹೇಳಿದೆ. ಎತ್ತರ ಹೇಳಿದೆ. ತೂಕ ಹೇಳುವಾಗ ಅಭ್ಯಾಸಬಲದಿಂದ ನಾಲ್ಕು ಕೆ.ಜಿ. ಬಿಟ್ಟು ಹೇಳಿದೆ. ಹಿಂದಿನಿಂದ ಹೆಂಡತಿ ಸರಿಯಾದ ಅಂಕಿ ಹೇಳಿದಳು. ಹುಡುಗ ಗಂಭೀರವಾಗಿ ಮೊದಲಿನದನ್ನು ಹೊಡೆದು ಹಾಕಿ ಅವಳದನ್ನು ಬರೆದುಕೊಂಡ. ಆಮೇಲೆ ಮಗಳು ವಿವರಿಸಿದಳು. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್‌ಗೆ ಒಂದು ತಿರುಪು ಇರುತ್ತದೆ. ತೂಕ, ಎತ್ತರ, ವಯಸ್ಸು, ಆಟದ ಪಳಗು, ಬೂಟಿನ ಉದ್ದ ಎಲ್ಲ ನೋಡಿ ಅದನ್ನು ಬಿಗಿ ಮಾಡುತ್ತಾರೆ. ಜಾಸ್ತಿ ಬಿಗಿಯಾದರೆ ಬಿದ್ದಾಗ ಸ್ಕೀ ಕಳಚಿಕೊಳ್ಳುವುದಿಲ್ಲ, ಕಾಲೇ ತಿರುಚಿಕೊಳ್ಳುತ್ತದೆ. ಸಡಿಲವಾದರೆ ಬೀಳುವ ಮೊದಲೇ ಕಳಚಿಕೊಂಡು ಬೀಳಿಸುತ್ತದೆ. ತೂಕದ ವಿಷಯದಲ್ಲಿ ಸುಳ್ಳು ಹೇಳಿದರೆ ಮೂಳೆಗೆ ಶಿಕ್ಷೆ ಕೊಡುವ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಇನ್ನು ಬೂಟು. ಅದನ್ನು ಬೂಟು ಅನ್ನುವುದೇ ತಪ್ಪು. ಗಟ್ಟಿ ಪ್ಲಾಸ್ಟಿಕ್ಕಿನ ಎರಡು ತೊಟ್ಟಿಗಳು, ಒಂದೊಂದಕ್ಕೆ ನಾಲ್ಕು ನಾಲ್ಕು ಚಿಲಕ. ಕಾಲು ಒಳಗೆ ಇಳಿಸುವುದಕ್ಕೆ ಹತ್ತು ನಿಮಿಷ, ಚಿಲಕ ಹಾಕುವುದಕ್ಕೆ ಇನ್ನೊಬ್ಬರು. ಅದರ ಕತ್ತು ಮುಂದಕ್ಕೆ ಬಾಗಿರುತ್ತದೆ, ಹಾಗಾಗಿ ನೆಟ್ಟಗೆ ನಿಲ್ಲುವ ಹಾಗಿಲ್ಲ. ಮೊಣಕಾಲು ಮಡಿಸಿ, ಸ್ವಲ್ಪ ಬಗ್ಗಿ, ದೊಡ್ಡವರ ಎದುರು ನಿಂತ ವಿನಯವಂತನ ಹಾಗೆ ನಿಲ್ಲಬೇಕು. ಹಿಮ್ಮಡಿ ಊರಿ, ಧಡ್ ಧಡ್ ಎಂದು, ದೇಹವನ್ನು ಆಚೀಚೆ ತೂಗುತ್ತಾ ನಡೆಯಬೇಕು. ಅಂಗಡಿಯಿಂದ ಹೊರಗೆ ಬಂದ ನನ್ನನ್ನು ನೋಡಿ ಹೆಂಡತಿ, "ಬಣ್ಣದ ವೇಷ ರಂಗಕ್ಕೆ ಬಂದ ಹಾಗಿದೆ ರೀ, ಚೆಂಡೆ ಒಂದೇ ಕಮ್ಮಿ," ಅಂದಳು. ಅವಳು ಮಾತ್ರ ಜಾಣೆ. ಮಂಡಿ ನೋವಿನ ನೆಪ ಹೇಳಿ ಸ್ಕೀ ತಂಟೆಗೇ ಬರಲಿಲ್ಲ. ಫೋಟೋ ತೆಗೆಯುವ ಖಾತೆ ವಹಿಸಿಕೊಂಡಳು.

ಅಕ್ಷರಾಭ್ಯಾಸ ನಡೆದದ್ದು ಬೋಲ್ಗೆನ್ ಅನ್ನುವ ಕಡೆ. ಊರಿನ ಅಂಚಿನ ಸಣ್ಣ ಇಳಿಜಾರು. ಅಲ್ಲಿ ನನ್ನ ಸಹಪಾಠಿಗಳೆಲ್ಲ ಸೊಂಟದೆತ್ತರದವರು. ತಲೆಗೆ ಬಣ್ಣದ ಹೆಲ್ಮೆಟ್ಟು, ಕೈಯಲ್ಲಿ ಕೋಲೂ ಇಲ್ಲ, ಮುಖದಲ್ಲಿ ಭಯವೂ ಇಲ್ಲ. ಅವರ ಮೇಡಂ ಹಿಂದಕ್ಕೆ ಜಾರುತ್ತಾ, ಎರಡೂ ಕೈ ಚಾಚಿ "ಪಿಜ್ಜಾ! ಪಿಜ್ಜಾ!" ಎಂದು ಕೂಗುತ್ತಿದ್ದಳು. ಊಟದ ಹೊತ್ತಾಯಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು. ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲ ಮಾಡಿದರೆ ಪಿಜ್ಜಾದ ತುಂಡಿನ ಆಕಾರ ಆಗುತ್ತದೆ. ಒಳ ಅಂಚುಗಳು ಹಿಮವನ್ನು ಕೆರೆಯುತ್ತವೆ, ವೇಗ ತಗ್ಗುತ್ತದೆ. ಮಕ್ಕಳಿಗೆ ಪಿಜ್ಜಾ ಅಂದರೆ ಬ್ರೇಕು.

ದೊಡ್ಡವರಿಗೆ ಇದಕ್ಕೆ ಜರ್ಮನ್‌ನಲ್ಲಿ ಬೇರೆ ಹೆಸರಿದೆ, ಅದರ ಅರ್ಥ ನೇಗಿಲು. ಇದು ನನಗೆ ತುಂಬ ಹಿಡಿಸಿತು. ನಮ್ಮಜ್ಜ ಗದ್ದೆ ಉತ್ತ. ನಮ್ಮಪ್ಪ ಉಳುವುದು ಬಿಟ್ಟು ಗುಮಾಸ್ತನಾದ. ನಾನು ಮತ್ತೆ ನೇಗಿಲು ಕಟ್ಟಿಕೊಂಡು, ಏನೂ ಬೆಳೆಯದ ಬಿಳೀ ಹೊಲ ಉಳುತ್ತಿದ್ದೇನೆ. ಉಳುವ ಎತ್ತೂ ನಾನೇ.

ಅಂದು ಬೆಳಗ್ಗೆ ಕಲಿತದ್ದರಲ್ಲಿ ಕಷ್ಟದ್ದು ಒಂದೇ. ಭಯವಾದರೆ ಮನುಷ್ಯ ಹಿಂದಕ್ಕೆ ವಾಲುತ್ತಾನೆ, ಅದು ಹುಟ್ಟುಗುಣ. ಸ್ಕೀ ಮೇಲೆ ಹಿಂದಕ್ಕೆ ವಾಲಿದರೆ ಮುಂದಿನ ತುದಿಯ ಮೇಲೆ ಭಾರವೇ ಇರುವುದಿಲ್ಲ, ಅದು ಹೇಳಿದ ಮಾತು ಕೇಳುವುದಿಲ್ಲ, ಕಾಲು ಮುಂದೆ ಓಡುತ್ತದೆ, ಕುಂಡೆ ಹಿಂದೆ ಉಳಿಯುತ್ತದೆ. ಹಾಗಾಗಿ ಭಯ ಜಾಸ್ತಿಯಾದಷ್ಟೂ ಕಣಿವೆಯ ಕಡೆಗೇ ಎದೆ ಕೊಟ್ಟು ಮುಂದಕ್ಕೆ ಬಾಗಬೇಕು. ಇದನ್ನು ಬಾಯಲ್ಲಿ ಹೇಳುವುದು ಸುಲಭ. ಬೆನ್ನಿಗೆ ಒಪ್ಪಿಸುವುದಕ್ಕೆ ನನಗೆ ಹನ್ನೊಂದು ಸಲ ಬೀಳಬೇಕಾಯಿತು. ಎಣಿಸಿದವಳು ಹೆಂಡತಿ.

ನಾನು ಬಿದ್ದ ಈ ಬೋಲ್ಗೆನ್ ಸಾಮಾನ್ಯ ಜಾಗವಲ್ಲ ಅಂತ ಆಮೇಲೆ ಗೊತ್ತಾಯಿತು. ಹಿಂದೆಲ್ಲ ಸ್ಕೀ ಅಂದರೆ ಗುಡ್ಡವನ್ನು ಹತ್ತಿಯೇ ಇಳಿಯಬೇಕಿತ್ತು. ಒಂದು ಗಂಟೆ ಏದುಸಿರು ಬಿಟ್ಟು ಹತ್ತಿದರೆ ಐದು ನಿಮಿಷ ಇಳಿಯುವ ಸುಖ. ಜ್ಯೂರಿಕ್‌ನ ಎರ್ನ್ಸ್ಟ್ ಕಾನ್‌ಸ್ಟಾಮ್ ಅನ್ನುವ ಎಂಜಿನಿಯರು ಇದಕ್ಕೊಂದು ದಾರಿ ಹುಡುಕಿದ. ಸುತ್ತುತ್ತಲೇ ಇರುವ ಉಕ್ಕಿನ ಹಗ್ಗ, ಅದರಿಂದ ಇಳಿಬಿದ್ದ ಕೊಕ್ಕೆ, ಕೊಕ್ಕೆಯನ್ನು ಹಿಂದೆ ಇಟ್ಟುಕೊಂಡರೆ ಅದೇ ಗುಡ್ಡ ಹತ್ತಿಸುತ್ತದೆ. 1934ರ ಕ್ರಿಸ್‌ಮಸ್ ಹಿಂದಿನ ದಿನ ಅಂಥ ಮೊದಲ ಲಿಫ್ಟು ಶುರುವಾಗಿದ್ದು ಇದೇ ಬೋಲ್ಗೆನ್‌ನಲ್ಲಿ. ಮೊದಲು ಒಂದು ಕೊಕ್ಕೆಗೆ ಒಬ್ಬರು. ಸ್ವಲ್ಪ ಕಾಲದಲ್ಲೇ ಕೊಕ್ಕೆಯನ್ನು ಇಬ್ಬದಿಗೂ ಚಾಚಿ, ತಲೆಕೆಳಗಾದ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಮಾಡಿದರು. ಇಬ್ಬರು ಅಕ್ಕಪಕ್ಕ ನಿಂತು ಹತ್ತಬಹುದು. ಕೂಲಿ ಒಂದೇ, ಹೊರೆ ಎರಡು. ಇದರ ಜೊತೆ ನನ್ನ ಮುಖಾಮುಖಿ ಆಗಿದ್ದು ಮಾರನೆಯ ದಿನ. ಅದನ್ನು ಆಮೇಲೆ ಹೇಳುತ್ತೇನೆ.

ಶಾಟ್ಸಾಲ್ಪ್‌ಗೆ ಹೋಗಲು ಊರೊಳಗಿನಿಂದಲೇ ಹಗ್ಗ ಎಳೆಯುವ ಹಳಿಬಂಡಿ ಇದೆ. 1899ರದ್ದು. ಕಾಡಿನ ನಡುವೆ ಕಡಿದಾಗಿ ಏರಿ, ನಾಲ್ಕೇ ನಿಮಿಷದಲ್ಲಿ 300 ಮೀಟರ್ ಮೇಲಕ್ಕೆ ಬಿಡುತ್ತದೆ. ಶಾಟ್ಸ್ ಅಂದರೆ ನಿಧಿ. ಆಲ್ಪ್ ಅಂದರೆ ನಾವು ತಿಳಿದ ಹಾಗೆ ಶಿಖರ ಅಲ್ಲವಂತೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹೋಗಿ ಮೇಯಿಸುವ ಎತ್ತರದ ಹುಲ್ಲುಗಾವಲು. ಅಂದರೆ ಗೋಮಾಳ. ಇಡೀ ಪರ್ವತ ಶ್ರೇಣಿಗೇ ಗೋಮಾಳ ಅಂತ ಹೆಸರು ಬಿದ್ದಿದೆ ಅಂತ ತಿಳಿದ ಮೇಲೆ ನನಗೆ ಆಲ್ಪ್ಸ್ ಬಗ್ಗೆ ಇದ್ದ ಹೆದರಿಕೆ ಅರ್ಧ ಇಳಿಯಿತು.

ಸ್ವಲ್ಪ ವರ್ಷ ಇಲ್ಲಿನ ಸ್ಕೀ ಲಿಫ್ಟುಗಳು ನಿಂತೇ ಹೋಗಿದ್ದವು. ದೊಡ್ಡ ಗುಡ್ಡಗಳ ಮುಂದೆ ಸಣ್ಣದಕ್ಕೆ ಗಿರಾಕಿ ಎಲ್ಲಿ? 2009ರ ಡಿಸೆಂಬರಿನಲ್ಲಿ ಮತ್ತೆ ಶುರು ಮಾಡಿದವರು ಒಂದು ತಲೆ ಓಡಿಸಿದರು. ದೊಡ್ಡವರ ಜೊತೆ ಓಟಕ್ಕೆ ನಿಲ್ಲುವುದು ಬೇಡ, ನಾವು ನಿಧಾನ ಅಂತಲೇ ಬೋರ್ಡು ಹಾಕಿಕೊಳ್ಳೋಣ ಅಂದರು. ಹಿಮ ತಯಾರಿಸುವ ಯಂತ್ರ ಇಡುವುದಿಲ್ಲ ಅಂತಲೂ ತೀರ್ಮಾನಿಸಿದರು. ಬೇರೆ ಗುಡ್ಡಗಳ ಅಂಚಿನಲ್ಲಿ ಫಿರಂಗಿಯ ಹಾಗೆ ನಿಂತಿರುತ್ತವಲ್ಲ, ಅವು. ರಾತ್ರಿ ಚಳಿ ಸೊನ್ನೆಗಿಂತ ಸಾಕಷ್ಟು ಕೆಳಗಿಳಿದಾಗ ನೀರನ್ನು ಸಣ್ಣ ಹನಿಯಾಗಿ ಗಾಳಿಗೆ ಉಗುಳುತ್ತವೆ. ಹನಿ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟುತ್ತದೆ. ಬಿಸಿಲು ಜಾಸ್ತಿಯಾಗಿ ಹಿಮ ಕಮ್ಮಿಯಾಗುತ್ತಿರುವ ಈ ಕಾಲದಲ್ಲಿ ಎಷ್ಟೋ ಕಡೆ ಆಟ ನಡೆಯುತ್ತಿರುವುದು ಈ ಫಿರಂಗಿಗಳ ದಯೆಯಿಂದ.

ನನಗೆ ಇದು ಚೆನ್ನಾಗಿ ಅರ್ಥವಾಯಿತು. ಅವರದು ಬೋರ್‌ವೆಲ್ ಕೊರೆಸಿದ ತೋಟ. ಶಾಟ್ಸಾಲ್ಪ್ ಖುಷ್ಕಿ ಜಮೀನು. ಮೇಲಿನವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಹೋದ ವಾರ ಮೇಲಿನವನು ಧಾರಾಳವಾಗಿಯೇ ಕೊಟ್ಟಿದ್ದ.

ಬಂಡಿ ಇಳಿದರೆ ಎದುರಿಗೆ ಉದ್ದನೆಯ ದೊಡ್ಡ ಕಟ್ಟಡ. ದಕ್ಷಿಣಕ್ಕೆ ಮುಖ, ಅಂತಸ್ತಿಗೊಂದರಂತೆ ಸಾಲು ಬಾಲ್ಕನಿ. ಈಗ ಅದು ಹೋಟೆಲು. 1900ರ ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ಕ್ಷಯರೋಗಿಗಳ ಆಸ್ಪತ್ರೆ. ಚಿಕಿತ್ಸೆ ಏನೆಂದರೆ ಮಲಗುವುದು. ಕಂಬಳಿಯಲ್ಲಿ ಸುತ್ತಿಕೊಂಡು, ಬಾಲ್ಕನಿಯ ಆರಾಮ ಕುರ್ಚಿಯಲ್ಲಿ, ಚಳಿಗಾಲದಲ್ಲೂ ಬಯಲ ಗಾಳಿಗೆ ಮೈಯೊಡ್ಡಿ ದಿನಕ್ಕೆ ಗಂಟೆಗಟ್ಟಲೆ ಮಲಗುವುದು. ತಿಂಗಳುಗಟ್ಟಲೆ. ಕೆಲವರು ವರ್ಷಗಟ್ಟಲೆ. 1940ರ ದಶಕದಲ್ಲಿ ಕ್ಷಯಕ್ಕೆ ಮದ್ದು ಸಿಕ್ಕ ಮೇಲೆ ಹೀಗೆ ಮಲಗುವ ಅಗತ್ಯ ತಪ್ಪಿತು. 1954ರಲ್ಲಿ ಆಸ್ಪತ್ರೆ ಹೋಟೆಲಾಯಿತು. ಬಾಲ್ಕನಿ ಹಾಗೇ ಇದೆ. ನಾವು ನೋಡಿದಾಗಲೂ ಅಲ್ಲಿ ನಾಲ್ಕಾರು ಜನ ಕಂಬಳಿ ಹೊದ್ದು ಮಲಗಿದ್ದರು. ಈಗ ಮಲಗುವವರಿಗೆ ರೋಗವಿಲ್ಲ, ಬಿಲ್ಲು ಮಾತ್ರ ಬರುತ್ತದೆ.

ಈಗ ಆ ಲಿಫ್ಟಿನ ಕತೆ.

ಲಿಫ್ಟಿನ ಬುಡದಲ್ಲಿ ಐದಾರು ಜನರ ಸಾಲು. ಮಗಳು ಹೇಳಿದಳು. "ಅಪ್ಪಾ, ಒಂದೇ ಒಂದು ನೆನಪಿಟ್ಕೋ. ಕೂರಬೇಡ. ಅದು ಕುರ್ಚಿ ಅಲ್ಲ. ಸುಮ್ನೆ ನಿಂತಿರು, ಅದು ಹಿಂದಿನಿಂದ ತಳ್ಳುತ್ತೆ." ಸರಿ ಅಂದೆ. ಅಷ್ಟರಲ್ಲಿ ಸಾಲು ಸರಿದು, ಮಗಳು ಮುಂದಿನ ಕೊಕ್ಕೆಗೆ ಹೋಗಿಬಿಟ್ಟಳು. ನನ್ನ ಪಕ್ಕಕ್ಕೆ ಬಂದು ನಿಂತವರು ಒಬ್ಬ ಅಜ್ಜಿ. ಎಪ್ಪತ್ತೈದರ ಮೇಲಿರಬಹುದು. ಕೆನ್ನೆ ಒಣಗಿದ ಸೇಬಿನ ಹಾಗೆ ಕೆಂಪಗೆ, ಸುಕ್ಕು ಸುಕ್ಕು. ತೊಟ್ಟಿದ್ದ ಅಂಗಿಯ ಬಣ್ಣ ಮಾಸಿ ಎಷ್ಟೋ ಚಳಿಗಾಲ ಕಳೆದಿತ್ತು. ನನಗೆ ಭುಜದವರೆಗೂ ಬರುತ್ತಿರಲಿಲ್ಲ. "ಗ್ರೂಎತ್ಸಿ," ಅಂದರು. ನಾನೂ ಅಂದೆ. ಆ ಸೀಮೆಯ ನಮಸ್ಕಾರ ಅದು.

ಕೊಕ್ಕೆ ಸರ್ರನೆ ತಿರುಗಿ ಬಂತು. ಅಜ್ಜಿ ಹಿಂದೆ ನೋಡದೆಯೇ ಕೈ ಚಾಚಿ ಹಿಡಿದು ಇಬ್ಬರ ಹಿಂದೆ ಇಟ್ಟರು. ಇಲ್ಲೊಂದು ತೊಂದರೆ. ಅಡ್ಡಪಟ್ಟಿ ಒಂದೇ, ಎತ್ತರ ಎರಡು. ಅವರ ಸೊಂಟಕ್ಕೆ ಬಂದದ್ದು ನನ್ನ ತೊಡೆಗೆ ಬಂತು. ತೊಡೆಯ ಹಿಂದೆ ಏನಾದರೂ ತಾಗಿದರೆ ಐವತ್ತೈದು ವರ್ಷದಿಂದ ನನ್ನ ದೇಹ ಮಾಡಿಕೊಂಡು ಬಂದಿರುವುದು ಒಂದೇ ಕೆಲಸ. ಕೂತೆ.

ಕೂತದ್ದು ಹಿಮದ ಮೇಲೆ. ಅಜ್ಜಿ ಒಬ್ಬರೇ ಕೊಕ್ಕೆ ಹಿಡಿದು, ತಿರುಗಿ ನೋಡಿ, ಕೋಲು ಬೀಸುತ್ತಾ ಮೇಲೆ ಹೋದರು. ಹಿಂದಿನವರು ಬರುವುದರೊಳಗೆ ದಾರಿ ಬಿಡಬೇಕು. ಎದ್ದು ಹೋಗುವುದು ನನ್ನಿಂದ ಆಗಲಿಲ್ಲ. ಉರುಳು ಸೇವೆ ಮಾಡಿಕೊಂಡು ಪಕ್ಕಕ್ಕೆ ಸರಿದೆ. ಮೀಸೆ ಮಣ್ಣಾಗಲಿಲ್ಲ.

ಮತ್ತೆ ಸಾಲಿಗೆ ಹೋಗಿ ನಿಂತೆ. ಎದ್ದು, ಕಳಚಿದ್ದ ಒಂದು ಸ್ಕೀ ಹುಡುಕಿ, ಬೂಟಿನ ಅಡಿಗೆ ಮೆತ್ತಿದ ಹಿಮ ಕೆರೆದು, ಕಚ್ಚಿಸಿಕೊಂಡು ಬರುವ ಹೊತ್ತಿಗೆ ಅದೇ ಅಜ್ಜಿ ಮೇಲೆ ಹೋಗಿ, ಇಳಿದು, ಮತ್ತೆ ನನ್ನ ಪಕ್ಕದಲ್ಲಿ ನಿಂತಿದ್ದರು. ಬೇಕಂತಲೇ ಬಂದು ನಿಂತರು ಅಂತ ನನ್ನ ಅನುಮಾನ. ಈ ಸಲ ಕೊಕ್ಕೆ ಬಂದಾಗ ಅವರು ಎಡಗೈಯಿಂದ ಪಟ್ಟಿ ಹಿಡಿದು, ಬಲಗೈಯಿಂದ ನನ್ನ ಜಾಕೆಟ್ಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿದರು. ಕೂರುವುದಕ್ಕೆ ಬಿಡಲೇ ಇಲ್ಲ. ಮೊದಲ ಸಲ ಶಾಲೆಗೆ ಎಳೆದುಕೊಂಡು ಹೋಗುವ ಮಗುವಿನ ಹಾಗೆ ನಾನು ಗುಡ್ಡ ಹತ್ತಿದೆ.

ಹತ್ತುವಾಗ ಸದ್ದೇ ಇಲ್ಲ. ಸ್ಕೀ ಕೆಳಗೆ ಹಿಮ ಸರಸರ ಅನ್ನುವುದು, ಕಂಬ ದಾಟುವಾಗ ಗಾಲಿ ಗಡಗಡ ಅನ್ನುವುದು, ಅಷ್ಟೇ. ಅಜ್ಜಿ ಒಂದೂ ಮಾತಾಡಲಿಲ್ಲ. ಮೇಲೆ ತಲುಪಿ ಕೊಕ್ಕೆ ಬಿಟ್ಟ ಮೇಲೆ ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. ತಮ್ಮ ಮೇಲ್ತುಟಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದರು. ನಾನು ಮುಟ್ಟಿ ನೋಡಿಕೊಂಡೆ. ಮೀಸೆಯ ಎರಡೂ ತುದಿಗೆ ಹಿಮ ಗಟ್ಟಿ ಕಟ್ಟಿ, ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಇಳಿಬಿದ್ದಿತ್ತು. ಅಜ್ಜಿ ಗೊಳ್ಳನೆ ನಕ್ಕು, ಸೊಂಟ ಒಂದಿಷ್ಟು ಆಚೆ, ಒಂದಿಷ್ಟು ಈಚೆ ಮಾಡುತ್ತಾ ಇಳಿದು ಹೋದರು. ಅವರ ಹಿಂದೆ ಹಿಮದಲ್ಲಿ ದುಂಡಗಿನ ಕೈಬರಹದಲ್ಲಿ ಬರೆದ ಹಾಗೆ ಗೆರೆ ಬಿದ್ದಿತ್ತು.

ನಾನು ಇಳಿದದ್ದಕ್ಕೆ ಅಷ್ಟು ಚಂದದ ಅಕ್ಷರ ಇಲ್ಲ. ನೇಗಿಲು ಹೂಡಿ, ಗುಡ್ಡದ ಅಡ್ಡಕ್ಕೆ ಈ ಅಂಚಿನಿಂದ ಆ ಅಂಚಿಗೆ ಹೋಗುವುದು, ಅಲ್ಲಿ ನಿಂತು ಯೋಚಿಸುವುದು, ತಿರುಗುವುದು, ಬೀಳುವುದು. ಬಿದ್ದ ಮೇಲೆ ಏಳುವುದಕ್ಕೂ ಒಂದು ಕ್ರಮ ಇದೆ. ಎರಡೂ ಸ್ಕೀಗಳನ್ನು ಇಳಿಜಾರಿನ ಕೆಳಭಾಗಕ್ಕೆ ತಂದು, ಗುಡ್ಡಕ್ಕೆ ಅಡ್ಡಲಾಗಿ ಇಟ್ಟು ಆಮೇಲೆ ಏಳಬೇಕು. ಅಡ್ಡ ಇಡದೆ ಎದ್ದರೆ ಎದ್ದವನು ಎದ್ದ ಹಾಗೇ ಹೊರಟುಬಿಡುತ್ತಾನೆ. ನಾನು ಎರಡು ಸಲ ಹಾಗೆ ಹೊರಟೆ. ನನ್ನನ್ನು ದಾಟಿ ಹೋದವರು ಯಾರೂ ಹಾರ್ನ್ ಹೊಡೆಯುವ ಮುಖ ಮಾಡಲಿಲ್ಲ. ಒಬ್ಬಾತ ನಿಂತು ನನ್ನ ಕೋಲು ಎತ್ತಿಕೊಟ್ಟ. ಇನ್ನಿಬ್ಬರು ದಾರಿಯ ಅಂಚಿನಲ್ಲಿ ಸ್ಕೀ ಹಿಮಕ್ಕೆ ಚುಚ್ಚಿ ನಿಲ್ಲಿಸಿ, ಬಿಸಿಲಿಗೆ ಮುಖ ಕೊಟ್ಟು, ಫ್ಲಾಸ್ಕಿನಿಂದ ಏನೋ ಕುಡಿಯುತ್ತಾ ಕೂತಿದ್ದರು. ಅವರು ಸ್ಕೀ ಮಾಡಲು ಬಂದವರೋ, ಕೂರಲು ಬಂದವರೋ ಅಂತ ಹೇಳುವ ಹಾಗಿರಲಿಲ್ಲ.

ನಾನೇನೂ ಮೊದಲಿಗನಲ್ಲ ಅನ್ನುವುದು ನನ್ನ ಸಮಾಧಾನ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಕೂಡ ಇದೇ ಊರಿನ ಹಿಮದಲ್ಲಿ ಬಿದ್ದೆದ್ದವನು. ಹೆಂಡತಿಗೆ ಕ್ಷಯ ಅಂತ ದಾವೋಸ್‌ಗೆ ಬಂದಿದ್ದ. ಆಗ ಈ ಕಡೆಯವರಿಗೆ ಸ್ಕೀ ಅಂದರೆ ನಾರ್ವೆಯವರ ಹುಚ್ಚು. ಊರಿನ ಬ್ರಾಂಗರ್ ಅಣ್ಣತಮ್ಮಂದಿರು ಅದನ್ನು ಕಲಿಯುವಾಗ, ಜನ ನಗುತ್ತಾರೆ ಅಂತ ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. 1894ರ ಮಾರ್ಚಿನಲ್ಲಿ ಅವರಿಬ್ಬರ ಜೊತೆ ಡಾಯ್ಲ್ ಬೆಟ್ಟದ ಸಾಲು ದಾಟಿ ಪಕ್ಕದ ಅರೋಸಾ ಅನ್ನುವ ಊರಿಗೆ ಸ್ಕೀ ಮೇಲೆ ಹೋದ. ಒಂದು ಕಡೆಯಂತೂ ಕೂತುಕೊಂಡೇ ಜಾರಿದ. ಅವನ ಪ್ಯಾಂಟು ಹ್ಯಾರಿಸ್ ಟ್ವೀಡ್ ಅನ್ನುವ ದಪ್ಪ ಉಣ್ಣೆ ಬಟ್ಟೆಯದು. ಅದು ಸವೆಯುವುದೇ ಇಲ್ಲ ಅಂತ ದರ್ಜಿ ಹೇಳಿದ್ದನಂತೆ. ಆ ಮಾತು ಸುಳ್ಳು, ಬೇಕಾದರೆ ಆ ದಾರಿಯುದ್ದಕ್ಕೂ ಬಟ್ಟೆಯ ಮಾದರಿ ಸಿಗುತ್ತದೆ ಅಂತ ಆಮೇಲೆ ತಮಾಷೆಯಾಗಿ ಬರೆದುಕೊಂಡ. ಅರೋಸಾದ ಹೋಟೆಲಿನ ರಿಜಿಸ್ಟರಿನಲ್ಲಿ ಬ್ರಾಂಗರ್ ಅವನ ವೃತ್ತಿಯ ಜಾಗದಲ್ಲಿ 'ಸ್ಪೋರ್ಟೆಸ್‌ಮನ್' ಅಂತ ಬರೆದನಂತೆ. ಮುಂದೊಂದು ದಿನ ಸ್ಕೀಗಾಗಿಯೇ ನೂರಾರು ಇಂಗ್ಲಿಷರು ಸ್ವಿಟ್ಜರ್ಲೆಂಡಿಗೆ ಬರುತ್ತಾರೆ ಅಂತಲೂ ಡಾಯ್ಲ್ ಭವಿಷ್ಯ ನುಡಿದಿದ್ದ. ಕನ್ನಡಿಗರ ವಿಷಯ ಪಾಪ ಅವನಿಗೆ ಹೊಳೆಯಲಿಲ್ಲ.

ಡಾಯ್ಲ್‌ನ ಫೋಟೋ ನೋಡಿದ್ದೀರಲ್ಲ? ಎಂಥ ಹುರಿ ಮೀಸೆ! ಪ್ಯಾಂಟು ಹೋದರೆ ಹೋಗಲಿ.

ಮೂರು ಸಲ ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಮೂರನೆಯ ಸಲ ಬಿದ್ದದ್ದು ಎರಡೇ ಸಲ. ಮಗಳು "ಸಕತ್ತಾಗಿ ಮಾಡಿದೆ ಅಪ್ಪಾ" ಅಂದಳು, ಎಲ್‌ಕೆಜಿ ಮಕ್ಕಳಿಗೆ ಸ್ಟಾರ್ ಕೊಡುವ ದನಿಯಲ್ಲಿ. ಜಗಲಿಯಲ್ಲಿ ಬಿಸಿಲಿಗೆ ಕೂತು ಊಟಕ್ಕೆ ಹೇಳಿದೆವು. ಗ್ರಾವ್‌ಬ್ಯುಂಡೆನ್ ಸೀಮೆಯ ಮನೆಯಡುಗೆ ಅಂದರೆ ಬಾರ್ಲಿ ಸೂಪು. ನಮ್ಮ ಕಡೆ ಬಾರ್ಲಿ ಅಂದರೆ ಜ್ವರ ಬಂದವರಿಗೆ ಕೊಡುವ ನೀರು. ಹಳೇ ಆಸ್ಪತ್ರೆಯ ಜಗಲಿಯಲ್ಲಿ ಅದನ್ನು ಕುಡಿಯುವುದು ಸರಿಯಾಗಿಯೇ ಇತ್ತು. ಕ್ಯಾರೆಟ್ಟು, ಗೆಡ್ಡೆ, ಕೆನೆ ಎಲ್ಲ ಬಿದ್ದು ಗಟ್ಟಿಯಾಗಿ, ಬಿಸಿ ಬಿಸಿಯಾಗಿತ್ತು. ಅದಕ್ಕೆ ಎಷ್ಟಾಯಿತು ಅಂತ ಮಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಫ್ರಾಂಕನ್ನು ರೂಪಾಯಿಗೆ ತಿರುಗಿಸಿ ನೋಡಿದ ದಿನ ಊಟ ಅರಗುವುದಿಲ್ಲ ಅಂತ ಮೊದಲ ದಿನವೇ ಕಲಿತಿದ್ದೆ.

ಅಲ್ಲಿಯವರೆಗೆ ಫೋಟೋ ಖಾತೆಯಲ್ಲಿದ್ದ ನನ್ನ ಹೆಂಡತಿ ಸೂಪು ಮುಗಿಸಿ, ಬಾಯಿ ಒರೆಸಿಕೊಂಡು, "ನಾನು ಅದರಲ್ಲಿ ಹೋಗ್ತೀನಿ," ಅಂದಳು.

ಅದು ಅಂದರೆ ಜಾರುಬಂಡಿ. ಶಾಟ್ಸಾಲ್ಪ್‌ನಿಂದ ಊರಿನವರೆಗೆ ಕಾಡಿನೊಳಗೆ 2.8 ಕಿಲೋಮೀಟರಿನ ತಿರುವು ದಾರಿ ಇದೆ. ಮರದ ಪಟ್ಟಿ ಹೊಡೆದ ಪುಟ್ಟ ಮಣೆ, ಕೆಳಗೆ ಕಬ್ಬಿಣದ ಪಟ್ಟಿ ಬಡಿದ ಎರಡು ಬಾಗು ಕಾಲು. ದಾವೋಸ್ ಹೆಸರಿನದೇ ಒಂದು ಮಾದರಿ ಇದೆ. ಈ ಊರಿಗೆ ಸ್ಕೀಗಿಂತ ಮೊದಲು ಬಂದ ಹುಚ್ಚು ಇದು. 1883ರಲ್ಲಿ ಇಲ್ಲಿಂದ ಪಕ್ಕದ ಕ್ಲೋಸ್ಟರ್ಸ್ ಊರಿನ ಕಡೆಗೆ ಬೇರೆ ಬೇರೆ ದೇಶದವರ ಜಾರುಬಂಡಿ ಪಂದ್ಯ ನಡೆದಿತ್ತು. ಮೊದಲ ಸ್ಥಾನಕ್ಕೆ ಇಬ್ಬರು ಸರಿಸಮ ಬಂದರು. ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ, ಇನ್ನೊಬ್ಬ ಕ್ಲೋಸ್ಟರ್ಸ್‌ನ ಅಂಚೆಯವನು. ಅಂಚೆಯವನು ಗೆಲ್ಲಲೇಬೇಕು ಬಿಡಿ, ಅವನಿಗೆ ದಿನಾ ಅದೇ ದಾರಿ.

"ಮಂಡಿ ನೋವು?" ಅಂದೆ.

"ಕೂತ್ಕೊಂಡು ಹೋಗೋದಕ್ಕೆ ಮಂಡಿ ಯಾಕೆ?"

ಬ್ರೇಕು ಅಂದರೆ ಹಿಮ್ಮಡಿ, ತಿರುಗಿಸುವುದು ಅಂದರೆ ಯಾವ ಕಡೆ ತಿರುಗಬೇಕೋ ಆ ಕಡೆಯ ಕಾಲು ಊರುವುದು. ಪಾಠ ಅಷ್ಟೇ. ನಾನು ಇನ್ನೊಂದು ಮಣೆ ಹಿಡಿದು ಹಿಂದೆ ಹೊರಟೆ. ಮೊದಲ ತಿರುವಿಗೆ ಅವಳ ಶಾಲಿನ ತುದಿ ಕಂಡಿತು. ಎರಡನೆಯದಕ್ಕೆ ಅವಳ ಕೂಗು ಕೇಳಿಸಿತು. ಹೆದರಿಕೆಯದ್ದೋ ಖುಷಿಯದ್ದೋ ಗೊತ್ತಾಗಲಿಲ್ಲ. ಆಮೇಲೆ ಏನೂ ಇಲ್ಲ. ಕಾಡಿನ ಮರಗಳ ನಡುವೆ ನಾನೊಬ್ಬನೇ, ಹಿಮ್ಮಡಿ ಊರಿಕೊಂಡು, ಮುಖಕ್ಕೆಲ್ಲ ಹಿಮದ ಪುಡಿ ಎರಚಿಕೊಂಡು ಬರುತ್ತಿದ್ದೆ. ನಿಧಾನದ ಗುಡ್ಡದಲ್ಲಿ ನಾನೇ ಎಲ್ಲರಿಗಿಂತ ನಿಧಾನ.

ಕೆಳಗೆ ಮುಟ್ಟಿದಾಗ ಅವಳು ಮಣೆಯ ಮೇಲೆ ಕೂತು, ಬೈತಲೆಯಲ್ಲಿ ಸಿಕ್ಕಿದ್ದ ಹಿಮ ಕೊಡವುತ್ತಾ ಕಾಯುತ್ತಿದ್ದಳು. ಅವಳಿಗೆ ಒಂದು ವಿಷಯವನ್ನು ನಾನು ಬೇಕಂತಲೇ ಮೇಲೆ ಹೇಳಿರಲಿಲ್ಲ. ಈಗ ಹೇಳಿದೆ. 1912ರಲ್ಲಿ ಒಬ್ಬ ಜರ್ಮನ್ ಕಾದಂಬರಿಕಾರ ಈ ಊರಿನ ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ನೋಡಲು ಬಂದು ಮೂರು ವಾರ ಇದ್ದ. ಹನ್ನೆರಡು ವರ್ಷ ಬಿಟ್ಟು ಈ ಊರನ್ನೇ ಇಟ್ಟುಕೊಂಡು ದಪ್ಪನೆಯ ಕಾದಂಬರಿ ಹೊರತಂದ. ಅದರಲ್ಲಿ ಒಂದು ಮಾತು ಬರುತ್ತದೆ. ಶಾಟ್ಸಾಲ್ಪ್ ಆಸ್ಪತ್ರೆಯವರು ಚಳಿಗಾಲದಲ್ಲಿ ಹೆಣಗಳನ್ನು ಕೆಳಗೆ ಕಳಿಸುವುದು ಜಾರುಬಂಡಿಯಲ್ಲಿ, ಅಂತ.

ಅವಳು ತಾನು ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದಳು.

"ಪಾಪ," ಅಂದಳು. "ಅವರಿಗೇನು, ತಿರುವಿನಲ್ಲಿ ಕಾಲು ಊರೋ ತಾಪತ್ರಯ ಇರಲಿಲ್ಲ."

ಆಮೇಲೆ ಮಣೆಯ ಹಗ್ಗ ಹಿಡಿದು ಎದ್ದು ನಿಂತಳು. ಬಂಡಿಯ ಸ್ಟೇಷನ್ ಯಾವ ಕಡೆ ಅಂತ ಮಗಳನ್ನು ಕೇಳಿದಳು. ಮೇಲಕ್ಕೆ ಹೋಗುವುದಕ್ಕೆ ನಾಲ್ಕೇ ನಿಮಿಷ ತಾನೆ, ಕತ್ತಲಾಗುವುದರೊಳಗೆ ಇನ್ನೊಂದು ಸಲ ಬರಬಹುದು ಅಂತ ಅವಳ ಲೆಕ್ಕ. ನಾನು ಮೀಸೆ ಒರೆಸಿಕೊಂಡು ಹಿಂದೆ ಹೊರಟೆ.